ಕಲಾ ಮತ್ತು ವಿಜ್ಞಾನ ಕಾಲೇಜಿನಿಂದ ಹೊರದೇಶದ ಸಂಶೋಧನೆಗೆ: ಎಲ್ಲಿಂದ ಶುರು ಮಾಡಬೇಕು?

ಶಾಯಿಬಾಟಲಿ

ವಿಶ್ವವಿದ್ಯಾಲಯವೊಂದರ ಕಲಾ ಮತ್ತು ವಿಜ್ಞಾನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹೊರದೇಶದಲ್ಲಿ ಓದಲು, ಸಂಶೋಧನೆ ಮಾಡಲು ಹೊರಟವರ ಅರ್ಜಿಗಳನ್ನು ಓದುವ ಸಮಿತಿಯಲ್ಲೂ ಇದ್ದೇನೆ. ಹೆಚ್ಚಿನ ಅರ್ಜಿಗಳು ಒಂದೇ ರೀತಿ ಶುರುವಾಗುತ್ತವೆ: ‘ಜಪಾನ್ ಎಂದರೆ ನನಗೆ ಚಿಕ್ಕಂದಿನಿಂದ ಇಷ್ಟ’, ‘ಜರ್ಮನಿಯ ಶಿಕ್ಷಣಕ್ಕೆ ದೊಡ್ಡ ಹೆಸರಿದೆ’. ದೇಶ ಮೊದಲೇ ಗಟ್ಟಿಯಾಗಿರುತ್ತದೆ. ಅಲ್ಲಿ ಹೋಗಿ ಹುಡುಕುವುದೇನು ಅನ್ನುವುದು ಕೊನೆಯ ಪ್ಯಾರಾದಲ್ಲಿ ತರಾತುರಿಯಿಂದ ಬಂದು ಕೂತಿರುತ್ತದೆ. ಇದು ತಿರುವುಮುರುವು. ಮೊದಲು ಪ್ರಶ್ನೆ ಬೇಕು. ಆ ಪ್ರಶ್ನೆಗೆ ಉತ್ತರ ಸಿಗುವ ಪ್ರಯೋಗಾಲಯವೋ ಪತ್ರಾಗಾರವೋ ಎಲ್ಲಿದೆ ಎಂದು ನೋಡಬೇಕು. ಅದು ಯಾವ ದೇಶದಲ್ಲಿದೆಯೋ ಅದೇ ನಿಮ್ಮ ದೇಶ.

ಕಲೆ ಮತ್ತು ವಿಜ್ಞಾನ ಎರಡೂ ಒಂದೇ ಸೂರಿನಡಿ ಇರುವ ಕಾಲೇಜಿನವರಿಗೆ ಇಲ್ಲಿ ದೊಡ್ಡ ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಒಂದು ಉದಾಹರಣೆ ಕೊಡುತ್ತೇನೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಂ ಪಟ್ಟಣದ ಗ್ರಂಥಾಲಯವೊಂದರ ಪಪೈರಸ್ ಸುರುಳಿಗಳು ಇದ್ದಿಲಾದವು. ಬಿಚ್ಚಲು ಹೋದರೆ ಪುಡಿಪುಡಿ. ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ವರ್ಷಗಟ್ಟಲೆ ದುಡಿದು, ಸುರುಳಿಯನ್ನು ಬಿಚ್ಚದೆ ಎಕ್ಸ್‌ರೇ ಸ್ಕ್ಯಾನ್‌ನಿಂದಲೇ ಪದರ ಬಿಡಿಸುವ ವಿಧಾನ ರೂಪಿಸಿದರು. ಸ್ಕ್ಯಾನ್ ನಡೆದದ್ದು ಇಂಗ್ಲೆಂಡಿನ ಡೈಮಂಡ್ ಲೈಟ್ ಸೋರ್ಸ್ ಎಂಬ ಪ್ರಬಲ ಎಕ್ಸ್‌ರೇ ಕೇಂದ್ರದಲ್ಲಿ. 2023ರಲ್ಲಿ ಆ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟು ಬಹುಮಾನ ಘೋಷಿಸಿದರು. ಅದೇ ವರ್ಷ ನೆಬ್ರಾಸ್ಕಾದ ಪದವಿ ವಿದ್ಯಾರ್ಥಿ ಲ್ಯೂಕ್ ಫ್ಯಾರಿಟರ್ ಒಂದು ಪೂರ್ತಿ ಗ್ರೀಕ್ ಪದವನ್ನು ಹೊರಗೆ ತಂದರು. 2024ರ ಫೆಬ್ರವರಿಯಲ್ಲಿ ಏಳು ಲಕ್ಷ ಡಾಲರ್‌ನ ದೊಡ್ಡ ಬಹುಮಾನ ಮೂವರಿಗೆ ಬಂತು: ಫ್ಯಾರಿಟರ್, ಬರ್ಲಿನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಈಜಿಪ್ಟಿನ ಯೂಸುಫ್ ನಾದರ್, ಸ್ವಿಟ್ಜರ್ಲೆಂಡಿನ ಯೂಲಿಯನ್ ಷಿಲಿಗರ್. ಅವರ ಪ್ರೋಗ್ರಾಂ ತೋರಿಸಿದ ಗೆರೆಗಳು ನಿಜವಾಗಿಯೂ ಅಕ್ಷರಗಳೇ ಎಂದು ಪರಿಶೀಲಿಸಿ ಒಪ್ಪಿದವರು ಪಪೈರಸ್ ಓದಬಲ್ಲ ಗ್ರೀಕ್ ವಿದ್ವಾಂಸರು. ಇವರಿಲ್ಲದೆ ಅವರಿಲ್ಲ, ಅವರಿಲ್ಲದೆ ಇವರಿಲ್ಲ. ಮೂವರೂ ಮೂರು ಕಡೆ ಕೂತೇ ಈ ಕೆಲಸ ಮಾಡಿದರು ಅನ್ನುವುದನ್ನೂ ಗಮನಿಸಿ.

ಹಣ, ಕ್ರೆಡಿಟ್, ವೀಸಾ, ನೀತಿ, ಯಾವುದರ ಬಗ್ಗೆ ಬೇಕಾದರೂ ಕೇಳಿ. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಎರಡನೇ_ವರ್ಷ

ಸರ್, ಓದಿ ಖುಷಿಯಾಯ್ತು, ಸ್ವಲ್ಪ ಭಯಾನೂ ಆಯ್ತು. ನಾನು ಜೀವಶಾಸ್ತ್ರ ಮುಖ್ಯ ವಿಷಯವಾಗಿ ತಗೊಂಡು ಎರಡನೇ ವರ್ಷದಲ್ಲಿದ್ದೀನಿ. ಗಿಡಗಳು ಅಂದ್ರೆ ಇಷ್ಟ, ಹವಾಮಾನ ಬದಲಾವಣೆ ಬಗ್ಗೆ ಸಿಕ್ಕಿದ್ದೆಲ್ಲ ಓದ್ತೀನಿ. ಆದ್ರೆ ಇದು ನನ್ನ ಪ್ರಶ್ನೆ ಅಂತ ಎದೆ ತಟ್ಟಿ ಹೇಳೋ ಹಾಗೆ ಏನೂ ಇಲ್ಲ. ಪ್ರಶ್ನೆ ಇರೋರಿಗೆ ಮಾತ್ರ ಅವಕಾಶ ಅಂದ್ರೆ ನಮ್ಮಂಥೋರು ಏನು ಮಾಡ್ಬೇಕು? ಬೇಸಿಗೆ ಇಂಟರ್ನ್‌ಶಿಪ್‌ಗಳ ಪಟ್ಟಿ ಯಾರಾದ್ರೂ ಕೊಟ್ರೆ ಉಪಕಾರ.

ನಕ್ಷತ್ರಿಕ

ಖಭೌತ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಪಟ್ಟಿ ಕೊಡ್ತೀನಿ, ಅದಕ್ಕೂ ಮುಂಚೆ ಒಂದು ಮಾತು. ಪ್ರಶ್ನೆ ಒಬ್ಬರೇ ಕೂತು ಯೋಚಿಸಿದ್ರೆ ಹುಟ್ಟಲ್ಲ. ಬೇರೆಯವರು ತಮ್ಮ ಪ್ರಶ್ನೆ ಇಟ್ಕೊಂಡು ಒದ್ದಾಡೋ ಜಾಗದಲ್ಲಿ ನೀವೂ ಇದ್ದಾಗ ಹುಟ್ಟುತ್ತೆ. ನಿಮ್ಮ ಕಾಲೇಜಿನಲ್ಲೇ ಯಾವುದಾದರೂ ಪ್ರಯೋಗಾಲಯದ ವಾರದ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರ್ತೀನಿ ಅಂತ ಕೇಳಿ. ಬೇಡ ಅನ್ನೋ ಮೇಷ್ಟ್ರು ಕಡಿಮೆ. ಹೊರದೇಶದ ಯಾವ ಅರ್ಜಿಗಾದರೂ ಶಿಫಾರಸು ಪತ್ರ ಬೇಕೇ ಬೇಕು. ‘ನನ್ನ ತರಗತಿಯಲ್ಲಿ ಒಳ್ಳೆ ಅಂಕ ತೆಗೆದಿದ್ದಾರೆ’ ಅನ್ನೋ ಪತ್ರಕ್ಕೂ, ‘ಪ್ರಯೋಗ ಕೆಟ್ಟಾಗ ಈ ವಿದ್ಯಾರ್ಥಿ ಕಾರಣ ಹುಡುಕಿಕೊಂಡು ಮರುದಿನ ಬಂದರು’ ಅನ್ನೋ ಪತ್ರಕ್ಕೂ ಅಜಗಜಾಂತರ.

ಈಗ ಪಟ್ಟಿ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್‌ನವರಿಗೆ ಜಿನೀವಾ ಬಳಿಯ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಬೇಸಿಗೆ ವಿದ್ಯಾರ್ಥಿ ಕಾರ್ಯಕ್ರಮ 1962ರಿಂದ ನಡೀತಿದೆ. ಬೆಳಿಗ್ಗೆ ಉಪನ್ಯಾಸ, ಉಳಿದ ಹೊತ್ತು ಯಾವುದಾದರೂ ಪ್ರಯೋಗ ತಂಡದ ಜೊತೆ ಕೆಲಸ. ಸದಸ್ಯ ರಾಷ್ಟ್ರಗಳಲ್ಲದ ದೇಶದವರಿಗೂ ಜಾಗ ಇದೆ. ಆದರೆ ಪದವಿಯ ಮೂರು ವರ್ಷ ಮುಗಿದಿರಬೇಕು, ಹಾಗಾಗಿ ನಿಮಗೆ ಇನ್ನೂ ಸಮಯ ಇದೆ. ಜಪಾನಿನ ಓಕಿನಾವಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ, ಎಲ್ಲರೂ ಓಐಎಸ್‌ಟಿ ಅಂತಾರೆ, ಎರಡರಿಂದ ಆರು ತಿಂಗಳ ಸಂಶೋಧನಾ ಇಂಟರ್ನ್‌ಶಿಪ್ ಇದೆ. ಪ್ರಯಾಣ, ವಸತಿ, ಭತ್ಯೆ ಅವರೇ ಕೊಡ್ತಾರೆ. ಸಮುದ್ರ ಜೀವಶಾಸ್ತ್ರದಿಂದ ನರವಿಜ್ಞಾನದವರೆಗೆ ತಂಡಗಳಿವೆ, ನಿಮಗೆ ಇದು ಹೊಂದುತ್ತೆ. ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ ಅನ್ನೋ ಸಂಶೋಧನಾ ಇಂಟರ್ನ್‌ಶಿಪ್ 12 ವಾರದ್ದು. ಅದರಲ್ಲಿ ಕಲಾ ವಿಷಯಗಳ ಪ್ರಾಜೆಕ್ಟ್‌ಗಳೂ ಇರುತ್ತವೆ ಅನ್ನೋದು ತುಂಬ ಜನಕ್ಕೆ ಗೊತ್ತಿಲ್ಲ. ಪದವಿ ಆದ ಮೇಲೆ ಪಿಎಚ್‌ಡಿಗೆ ಮುಂಚೆ ಅಡಿಪಾಯ ಗಟ್ಟಿ ಮಾಡ್ಕೋಬೇಕು ಅನ್ನೋ ಭೌತಶಾಸ್ತ್ರ, ಗಣಿತದವರಿಗೆ ಇಟಲಿಯ ಟ್ರಿಯೆಸ್ಟ್‌ನ ಐಸಿಟಿಪಿ, ಅಂದ್ರೆ ಸೈದ್ಧಾಂತಿಕ ಭೌತಶಾಸ್ತ್ರದ ಅಂತರರಾಷ್ಟ್ರೀಯ ಕೇಂದ್ರ. ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಸಂಸ್ಥೆ. ಅಭಿವೃದ್ಧಿಶೀಲ ದೇಶಗಳ ವಿದ್ಯಾರ್ಥಿಗಳಿಗೆ ಅಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, ಪೂರ್ತಿ ವಿದ್ಯಾರ್ಥಿವೇತನದ ಜೊತೆ.

ಕಡತವಾಹಿ

ವಿಶ್ವವಿದ್ಯಾಲಯವೊಂದರ ಅಂತರರಾಷ್ಟ್ರೀಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಕ್ಷತ್ರಿಕ ಅವರು ಕೊಟ್ಟ ಪಟ್ಟಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಅರ್ಹತೆಯ ಸಾಲನ್ನು ಎರಡು ಸಲ ಓದಿ. ಕೆಲವು ಕಾರ್ಯಕ್ರಮಗಳು ನಿಮ್ಮ ಪೌರತ್ವ ನೋಡುತ್ತವೆ, ಕೆಲವು ನಿಮ್ಮ ಕಾಲೇಜು ಯಾವ ದೇಶದಲ್ಲಿದೆ ಎಂದು ನೋಡುತ್ತವೆ. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್ (DAAD) 1925ರಿಂದ ಇದೆ, ಅದರ ಒಳಗೇ ಹತ್ತಾರು ಯೋಜನೆಗಳು. ಅದರ ರೈಸ್ ಜರ್ಮನಿ ಅನ್ನುವ ಬೇಸಿಗೆ ಸಂಶೋಧನಾ ಇಂಟರ್ನ್‌ಶಿಪ್ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್‌ನ ವಿಶ್ವವಿದ್ಯಾಲಯಗಳಲ್ಲಿ ಪದವಿ ಓದುತ್ತಿರುವವರಿಗೆ ಮಾತ್ರ. ಗಂಟೆಗಟ್ಟಲೆ ಅರ್ಜಿ ತುಂಬಿ ಕೊನೆಗೆ ಈ ಸಾಲು ನೋಡಿ ಅಳುಮುಖ ಮಾಡಿಕೊಂಡು ಬಂದವರಿಗೆ ಸಮಾಧಾನ ಹೇಳುವುದು ಕಷ್ಟ.

ಇನ್ನು ಕ್ರೆಡಿಟ್. ಯುರೋಪಿನಲ್ಲಿ ಒಂದು ಪೂರ್ತಿ ಶೈಕ್ಷಣಿಕ ವರ್ಷಕ್ಕೆ 60 ಇಸಿಟಿಎಸ್ ಕ್ರೆಡಿಟ್, ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ ಕೆಲಸ. ಅಮೆರಿಕದ ಪದ್ಧತಿಯಲ್ಲಿ ಸೆಮಿಸ್ಟರಿಗೆ ಸುಮಾರು 15. ಹಾಗಾಗಿ ಎರಡಕ್ಕೆ ಒಂದು ಎಂಬ ಲೆಕ್ಕ ರೂಢಿಯಲ್ಲಿದೆ. ಆದರೆ ನಿಮ್ಮ ವಿಭಾಗ ಅಲ್ಲಿನ ಒಂದು ಪಾಠವನ್ನು ಯಾವುದಕ್ಕೆ ಸಮ ಎಂದು ಒಪ್ಪುತ್ತದೆ ಅನ್ನುವುದು ಬೇರೆ ವಿಷಯ. ಮುಖ್ಯ ವಿಷಯದ ಕಡ್ಡಾಯ ಪಾಠಕ್ಕೆ ಬದಲಾಗಿಯೋ, ಐಚ್ಛಿಕವಾಗಿಯೋ, ಬರೀ ಸಾಮಾನ್ಯ ಕ್ರೆಡಿಟ್ ಆಗಿಯೋ? ಹೋಗುವ ಮುಂಚೆ ಪಠ್ಯಕ್ರಮದ ಪ್ರತಿ ಕೊಟ್ಟು ವಿಭಾಗದ ಮುಖ್ಯಸ್ಥರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಬಾಯಿಮಾತಿನ ‘ಆಗುತ್ತೆ ಬಿಡಿ’ ಮುಖ್ಯಸ್ಥರು ಬದಲಾದ ಮೇಲೆ ಉಳಿಯುವುದಿಲ್ಲ.

ವಿಜ್ಞಾನದವರಿಗೆ ಇನ್ನೊಂದು ತೊಡಕು. ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಒಂದು ಲ್ಯಾಬ್ ಮುಗಿಸದೆ ಮುಂದಿನದಕ್ಕೆ ಹೋಗುವ ಹಾಗಿಲ್ಲ, ನಡುವೆ ಒಂದು ಸೆಮಿಸ್ಟರ್ ಬಿಟ್ಟರೆ ವರ್ಷವೇ ಹಿಂದೆ ಬೀಳಬಹುದು. ಭಾಷೆ, ಇತಿಹಾಸ, ತತ್ತ್ವಶಾಸ್ತ್ರದಂಥ ಸಾಮಾನ್ಯ ಪಾಠಗಳನ್ನು ಮೊದಲ ವರ್ಷದಲ್ಲೇ ಮುಗಿಸಿಬಿಡದೆ ಒಂದಷ್ಟನ್ನು ಹೊರದೇಶದ ಸೆಮಿಸ್ಟರಿಗೆ ಉಳಿಸಿಕೊಂಡರೆ ಈ ತೊಡಕು ಅರ್ಧ ಕಡಿಮೆಯಾಗುತ್ತದೆ. ಇದನ್ನು ಮೊದಲ ವರ್ಷದಲ್ಲೇ ಹೇಳುವ ಸಲಹೆಗಾರರು ಇನ್ನೂ ಹೆಚ್ಚಾಗಬೇಕು.

ಮೊದಲ_ಪದವಿ

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಸಮಾಜಶಾಸ್ತ್ರ ಓದ್ತಿದ್ದೀನಿ. ಇಲ್ಲಿ ಎಲ್ಲರೂ ಪ್ರಶ್ನೆ, ಕ್ರೆಡಿಟ್ ಅಂತ ಮಾತಾಡ್ತಿದ್ದೀರ, ಒಳ್ಳೇದೇ. ನನ್ನ ಹತ್ತಿರ ಪ್ರಶ್ನೆ ಇದೆ, ವಿಷಯ ಇದೆ, ಬರೆಯೋ ಮೇಷ್ಟ್ರೂ ಇದ್ದಾರೆ. ಇಲ್ಲದಿರೋದು ಹೋಗೋ ಮುಂಚಿನ ಹಣ.

ಒಂದು ಕಡೆ ಆಯ್ಕೆಯಾಗಿದ್ದೆ. ‘ಸಂಪೂರ್ಣ ವೆಚ್ಚ ಭರಿಸಲಾಗುವುದು’ ಅಂತ ಪತ್ರ ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ, ಟಿಕೆಟ್, ವೀಸಾ ಶುಲ್ಕ, ವಿಮೆ ಎಲ್ಲ ನೀವು ಕಟ್ಟಿ ರಸೀದಿ ಕೊಡಿ, ವಾಪಸ್ ಬಂದ ಮೇಲೆ ಕೊಡ್ತೀವಿ ಅಂತ. ಅಷ್ಟು ದುಡ್ಡು ಮೂರು ತಿಂಗಳು ಕೈಬಿಡೋಕೆ ಆಗೋರಿಗೆ ಆ ವಿದ್ಯಾರ್ಥಿವೇತನ ಅಷ್ಟೊಂದು ಬೇಕಾಗೇ ಇರಲ್ಲ. ಇನ್ನೊಂದು, ಬೇಸಿಗೆಯಲ್ಲಿ ನಾನು ದುಡಿದ ಹಣದಲ್ಲೇ ಮುಂದಿನ ವರ್ಷದ ಪುಸ್ತಕ, ಬಾಡಿಗೆ ನಡೆಯೋದು. ಹೋದರೆ ಖರ್ಚು ಭರಿಸ್ತಾರೆ, ಬಿಟ್ಟು ಬಂದ ಸಂಬಳ ಯಾರು ಭರಿಸ್ತಾರೆ? ಆ ಪತ್ರಕ್ಕೆ ಬರೋದಿಲ್ಲ ಅಂತ ಬರೆದೆ. ಕಾರಣ ಕೇಳಲಿಲ್ಲ ಯಾರೂ.

ದೂರದೃಷ್ಟಿ

ಮೊದಲ ಪದವಿ ಅವರೇ, ಬೇಜಾರು ಮಾಡ್ಕೋಬೇಡಿ, ಸಾಲ ಮಾಡಿಯಾದರೂ ಹೋಗಬೇಕಿತ್ತು ಅನ್ಸುತ್ತೆ. ಇದು ಖರ್ಚಲ್ಲ, ಹೂಡಿಕೆ. ಜೀವನ ಪೂರ್ತಿ ಬಯೋಡೇಟಾದಲ್ಲಿ ಉಳಿಯುತ್ತೆ.

ಶಾಯಿಬಾಟಲಿ

ದೂರದೃಷ್ಟಿಯವರೇ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ, ಆದರೂ ನಾನು ಒಪ್ಪುವುದಿಲ್ಲ. ವೀಸಾ ತಿರಸ್ಕಾರವಾದರೆ ಟಿಕೆಟ್ ಹಣ ಹೋಯಿತು, ಸಾಲ ಉಳಿಯಿತು. ಹತ್ತೊಂಬತ್ತು ಇಪ್ಪತ್ತು ವರ್ಷದವರ ಹೆಗಲ ಮೇಲೆ ಈ ಭಾರ ಹೊರಿಸಿ ಅದನ್ನು ಧೈರ್ಯ ಎಂದು ಕರೆಯುವುದು ಸರಿಯಲ್ಲ.

ಈ ವಿಷಯದಲ್ಲಿ ಬದಲಾಗಬೇಕಾದದ್ದು ಕಾಲೇಜು. ಮುಂಗಡ ಕೊಡದ ವಿದ್ಯಾರ್ಥಿವೇತನ ಬಡ ವಿದ್ಯಾರ್ಥಿಯನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಟಿಕೆಟನ್ನು ಕಚೇರಿಯೇ ಕೊಳ್ಳಬಹುದು. ವಿಮೆಯನ್ನು ಗುಂಪಿನ ಹೆಸರಲ್ಲಿ ಮಾಡಿಸಬಹುದು. ಬಿಟ್ಟು ಬಂದ ಸಂಬಳಕ್ಕೆ ಬದಲಾಗಿ ಬೇಸಿಗೆಯ ಭತ್ಯೆಯನ್ನು ಅನುದಾನದ ಲೆಕ್ಕದಲ್ಲೇ ಸೇರಿಸಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ಲೆಕ್ಕಪತ್ರ ವಿಭಾಗದ ಒಂದು ನಿಯಮ ಬದಲಾದರೆ ಸಾಕು. ನಮ್ಮ ಸಮಿತಿಯಲ್ಲಿ ಈ ಮಾತನ್ನು ಮತ್ತೆ ಮತ್ತೆ ಎತ್ತುತ್ತಿದ್ದೇನೆ, ಆಗುವವರೆಗೆ ಎತ್ತುತ್ತೇನೆ. ‘ಬರುವುದಿಲ್ಲ’ ಎಂದು ಬರೆದ ವಿದ್ಯಾರ್ಥಿಗೆ ‘ಏಕೆ’ ಎಂದು ಒಂದು ಸಾಲು ಕೇಳದ ಕಚೇರಿ ಯಾವುದೇ ಆಗಲಿ, ತನ್ನ ಕೆಲಸದ ಅರ್ಧವನ್ನು ಮಾಡಿಲ್ಲ.

ಕಡತವಾಹಿ

ಮೊದಲ ಪದವಿ ಅವರೇ, ಕೇಳಿ ನೋವಾಯಿತು. ಆಯ್ಕೆ ಪತ್ರ ಬಂದ ಮೇಲೂ ಕೇಳಬಹುದಾದ ಕೆಲವು ಮಾತುಗಳಿವೆ, ಬೇರೆಯವರಿಗೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತೇನೆ. ‘ಮುಂಗಡ ಸಾಧ್ಯವೇ, ಟಿಕೆಟ್ ನೀವೇ ಕಾಯ್ದಿರಿಸುತ್ತೀರಾ, ಮೊದಲ ಕಂತು ಯಾವ ದಿನ ಬರುತ್ತದೆ’ ಎಂದು ನೇರವಾಗಿ ಬರೆದು ಕೇಳಿ. ಇದರಿಂದ ಆಯ್ಕೆ ರದ್ದಾಗುವುದಿಲ್ಲ. ನಿಮ್ಮ ಕಾಲೇಜಿನ ತುರ್ತು ನಿಧಿಯಿಂದ ಬಡ್ಡಿಯಿಲ್ಲದ ಕೈಗಡ ಸಿಗುತ್ತದೆಯೇ ಎಂದೂ ವಿಚಾರಿಸಿ.

ಪದವಿ ಮುಗಿಯುವ ಹೊತ್ತಿಗೆ ಎರಾಸ್ಮಸ್ ಮುಂಡುಸ್ ಜಂಟಿ ಸ್ನಾತಕೋತ್ತರ ಕಾರ್ಯಕ್ರಮಗಳನ್ನು ಖಂಡಿತ ನೋಡಿ. ಎರಾಸ್ಮಸ್ ವಿನಿಮಯ 1987ರಲ್ಲಿ ಯುರೋಪಿನ ಒಳಗೆ ಶುರುವಾದದ್ದು, ಮುಂಡುಸ್ ಎಲ್ಲ ದೇಶದವರಿಗೂ ತೆರೆದಿದೆ. ಕನಿಷ್ಠ ಎರಡು ದೇಶಗಳಲ್ಲಿ ಓದು. ವಿದ್ಯಾರ್ಥಿವೇತನ ಸಿಕ್ಕವರಿಗೆ ಬೋಧನಾ ಶುಲ್ಕವಿಲ್ಲ, ಈಗಿನ ನಿಯಮದಲ್ಲಿ ತಿಂಗಳಿಗೆ 1,400 ಯೂರೋ, ಗರಿಷ್ಠ 24 ತಿಂಗಳು. ಕೊನೆಯ ವರ್ಷದಲ್ಲಿ ಇರುವಾಗಲೇ ಅರ್ಜಿ ಹಾಕಬಹುದು, ಹೆಚ್ಚಿನವುಗಳ ಅರ್ಜಿ ಅಕ್ಟೋಬರಿನಿಂದ ಜನವರಿ ನಡುವೆ. ವಲಸೆ, ಮಾನವ ಹಕ್ಕು, ಪರಂಪರೆ, ಭಾಷೆಯಂಥ ವಿಷಯಗಳಲ್ಲಿ ಬೇಕಾದಷ್ಟಿವೆ. ಸಮಾಜಶಾಸ್ತ್ರದವರಿಗೆ ಇದು ವಿಶಾಲ ಬಾಗಿಲು. ನೀವು ಅಮೆರಿಕದಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಪೆಲ್ ನೆರವು ಪಡೆಯುವ ಅಲ್ಲಿನ ಪೌರರಾಗಿದ್ದರೆ ಗಿಲ್ಮನ್ ವಿದ್ಯಾರ್ಥಿವೇತನ ಇರುವುದೇ ನಿಮ್ಮಂಥವರಿಗಾಗಿ.

ಮೊದಲ_ಪದವಿ

ಥ್ಯಾಂಕ್ಸ್ ಮೇಡಂ, ಸರ್. ಮುಂಗಡ ಕೇಳಬಹುದು ಅನ್ನೋದೇ ಗೊತ್ತಿರಲಿಲ್ಲ. ಕೇಳಿದ್ರೆ ಅವಕಾಶವೇ ಬೇಡ ಅಂದುಕೊಳ್ತಾರೇನೋ ಅಂತ ಹೆದರಿಕೆ ಇತ್ತು. ಎರಾಸ್ಮಸ್ ಮುಂಡುಸ್‌ನ ವಲಸೆ ಅಧ್ಯಯನ ಕೋರ್ಸುಗಳನ್ನು ಇವತ್ತೇ ನೋಡ್ತೀನಿ.

ಹಿತೈಷಿ_ತಂದೆ

ನಮ್ಮ ಮಗಳು ಮುಂದಿನ ವರ್ಷ ಹೋಗಬೇಕು ಅಂತಿದ್ದಾಳೆ. ಬೇಡ ಅನ್ನುವ ಮನಸ್ಸಿಲ್ಲ. ಅಲ್ಲಿ ಹುಷಾರು ತಪ್ಪಿದರೆ, ಗಲಾಟೆ ಆದರೆ ಯಾರು ನೋಡಿಕೊಳ್ಳುತ್ತಾರೆ?

ಕಡತವಾಹಿ

ಕೇಳಲೇಬೇಕಾದ ಪ್ರಶ್ನೆ. ಕಾಲೇಜಿನ ಮೂಲಕ ಹೋದರೆ ಅಂತರರಾಷ್ಟ್ರೀಯ ಆರೋಗ್ಯ ವಿಮೆ, ತುರ್ತಿನಲ್ಲಿ ವಾಪಸ್ ಕರೆತರುವ ವ್ಯವಸ್ಥೆ, ದಿನದ ಯಾವ ಹೊತ್ತಿನಲ್ಲಾದರೂ ಫೋನ್ ಎತ್ತುವ ಒಂದು ಸಂಖ್ಯೆ, ಈ ಮೂರೂ ಇರಬೇಕು. ವಿಮೆಯಲ್ಲಿ ಮಾನಸಿಕ ಆರೋಗ್ಯದ ಚಿಕಿತ್ಸೆಯೂ, ಮಗಳು ಈಗಾಗಲೇ ತೆಗೆದುಕೊಳ್ಳುವ ಔಷಧಿಯೂ ಒಳಗೊಂಡಿದೆಯೇ ಎಂದು ನೋಡಿ. ಕೆಲವು ಸಾಮಾನ್ಯ ಔಷಧಿಗಳು ಇನ್ನೊಂದು ದೇಶದಲ್ಲಿ ನಿಷಿದ್ಧವಾಗಿರಬಹುದು, ವೈದ್ಯರ ಚೀಟಿಯ ಜೊತೆ ಮೊದಲೇ ವಿಚಾರಿಸಬೇಕು. ಅಲ್ಲಿ ಮಗಳಿಗೆ ಒಬ್ಬ ಮೇಲ್ವಿಚಾರಕರು ಹೆಸರಿನ ಸಮೇತ ಗೊತ್ತಾಗಿರಲಿ. ಬರೀ ಸಂಸ್ಥೆಯ ಹೆಸರು ಸಾಲದು.

ಭಾಷೆಗಾರ್ತಿ

ನಾನು ಭಾಷಾವಿಜ್ಞಾನ, ಅದರಲ್ಲೂ ಮಾತಾಡುವವರು ಕಡಿಮೆಯಾಗುತ್ತಿರುವ ಭಾಷೆಗಳ ದಾಖಲೀಕರಣ. ಇಲ್ಲಿಯವರೆಗೆ ಹೋಗುವವರ ಕಡೆಯಿಂದ ಮಾತು ಬಂತು. ನಾವು ಯಾರ ಮನೆಬಾಗಿಲಿಗೆ ಹೋಗುತ್ತೇವೋ ಅವರ ಕಡೆಯಿಂದಲೂ ಒಂದಿಷ್ಟು ಹೇಳಬೇಕು.

ದಕ್ಷಿಣ ಆಫ್ರಿಕಾದ ಸಾನ್ ಜನರ ಮೇಲೆ ತಲೆಮಾರುಗಳಿಂದ ಸಂಶೋಧನೆ ನಡೆದಿದೆ. ಬಂದವರು ಅಳೆದರು, ರಕ್ತ ತೆಗೆದರು, ಕಥೆ ಕೇಳಿದರು, ಹೋದರು. ಆ ಜನಕ್ಕೆ ಏನು ಬರೆಯಲಾಯಿತು ಎಂದು ತಿಳಿದದ್ದೂ ಅಪರೂಪ. 2017ರಲ್ಲಿ ಸಾನ್ ಸಮುದಾಯದವರೇ ಸಂಶೋಧಕರಿಗಾಗಿ ತಮ್ಮದೇ ನೀತಿಸಂಹಿತೆ ಹೊರಡಿಸಿದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಅದರ ತಿರುಳು. ಅರ್ಥವಾಗುವ ಭಾಷೆಯಲ್ಲಿ ಮಾತಾಡಿ, ಬರೆದದ್ದನ್ನು ಪ್ರಕಟಿಸುವ ಮೊದಲು ನಮಗೆ ತೋರಿಸಿ, ಲಾಭವಿದ್ದರೆ ನಮಗೂ ಪಾಲಿರಲಿ ಅನ್ನುವುದು ಅವರ ಬೇಡಿಕೆ. ಹೊರದೇಶಕ್ಕೆ ಕ್ಷೇತ್ರಕಾರ್ಯಕ್ಕೆ ಹೊರಟ ಪ್ರತಿ ವಿದ್ಯಾರ್ಥಿಯೂ ಇದನ್ನು ಓದಿಯೇ ವಿಮಾನ ಹತ್ತಬೇಕು. ಕೆಲವೇ ಪುಟಗಳು.

ಜೀವಶಾಸ್ತ್ರದ ತಮ್ಮಂದಿರಿಗೆ, ತಂಗಿಯರಿಗೆ ಇನ್ನೊಂದು ಮಾತು. ಎಲೆ, ಬೀಜ, ಮಣ್ಣು, ಬ್ಯಾಕ್ಟೀರಿಯಾ, ಯಾವುದನ್ನೂ ಚೀಲಕ್ಕೆ ಹಾಕಿಕೊಂಡು ಬರುವ ಹಾಗಿಲ್ಲ. 2010ರಲ್ಲಿ ಅಂಗೀಕಾರವಾಗಿ 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ಪ್ರಕಾರ ಆನುವಂಶಿಕ ಸಂಪನ್ಮೂಲ ಬಳಸಲು ಆ ದೇಶದ ಪೂರ್ವಾನುಮತಿ ಕೇಳಬೇಕಾಗಬಹುದು, ಲಾಭ ಹಂಚಿಕೆಯ ಒಪ್ಪಂದವೂ ಇರಬೇಕು. ಅಲ್ಲಿನ ಸಹಸಂಶೋಧಕರು ಮೊದಲೇ ಜೊತೆಗಿದ್ದರೆ ಈ ದಾರಿ ಸುಗಮ. ಕೊನೆಗೆ ಪ್ರಬಂಧ ಬರೆಯುವಾಗ ಅವರ ಹೆಸರು ಕೃತಜ್ಞತೆಯ ಸಾಲಿನಲ್ಲಿ ಬಂದರೆ ಸಾಲದು, ಲೇಖಕರ ಸಾಲಿನಲ್ಲಿ ಇರಬೇಕು.

ಸಂದರ್ಶನ ಮಾಡುವವರು ನೈತಿಕ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಪ್ರಶ್ನೆಯನ್ನೂ ಕೇಳಬೇಡಿ. ಒಪ್ಪಿಗೆಯನ್ನು ಹಿಂದಿನ ದಿನಾಂಕಕ್ಕೆ ಯಾರೂ ಕೊಡುವುದಿಲ್ಲ. ಅಲ್ಲಿನ ದೇಶದ ಸಮಿತಿಯ ಒಪ್ಪಿಗೆಯೂ ಬೇಕಾಗಬಹುದು. ಎರಡಕ್ಕೂ ವಾರಗಟ್ಟಲೆ ಹಿಡಿಯುತ್ತದೆ.

ನಕ್ಷತ್ರಿಕ

ಭಾಷೆಗಾರ್ತಿ ಅಕ್ಕ, ಲೇಖಕರ ಸಾಲಿನ ಮಾತು ವಿಜ್ಞಾನದ ವಿದ್ಯಾರ್ಥಿಗಳಿಗೂ ಬೇಕು. ಬೇಸಿಗೆಯಲ್ಲಿ ಹೋಗಿ ಕೆಲಸ ಮಾಡಿ ಬಂದವರ ಹೆಸರು ಪ್ರಬಂಧದಲ್ಲಿ ಬರುತ್ತೋ ಇಲ್ವೋ ಅನ್ನೋದು ಕೊನೆಯ ದಿನದ ಮಾತಾಗಬಾರದು. ಮೊದಲ ವಾರದಲ್ಲೇ ‘ಯಾವ ಕೆಲಸ ಮಾಡಿದರೆ ಲೇಖಕರಾಗ್ತೀವಿ’ ಅಂತ ಮರ್ಯಾದೆಯಿಂದ ಕೇಳಿ. ಈಗ ಅನೇಕ ಪತ್ರಿಕೆಗಳು ಯಾರು ಏನು ಮಾಡಿದರು ಅಂತ ಕ್ರೆಡಿಟ್ (CRediT, ಪಾಠದ ಕ್ರೆಡಿಟ್ ಅಲ್ಲ) ಅನ್ನೋ ಪದ್ಧತಿಯ 14 ಪಾತ್ರಗಳಲ್ಲಿ ಬರೆಸ್ತವೆ. ಅದನ್ನು ಮುಂದಿಟ್ಟುಕೊಂಡು ಕೇಳಿದರೆ ಮಾತು ಸುಲಭ.

ಮತ್ತೆ ಹೋಗಲಾಗದವರಿಗೆ. ಮನೆ ಜವಾಬ್ದಾರಿ, ಆರೋಗ್ಯ, ವೀಸಾ, ಕಾರಣ ಏನೇ ಇರಲಿ, ಜಾಗತಿಕ ಸಂಶೋಧನೆ ಅಂದ್ರೆ ವಿಮಾನ ಹತ್ತೋದು ಮಾತ್ರ ಅಲ್ಲ. ಯುರೋಪಿನ ಗಾಯಾ ಉಪಗ್ರಹದ ನಕ್ಷತ್ರ ಪಟ್ಟಿ, ಹಬಲ್ ದೂರದರ್ಶಕದ ಹಳೆಯ ಚಿತ್ರಗಳು, ಸರ್ನ್‌ನ ಘರ್ಷಣೆಯ ದತ್ತಾಂಶ, ಎಲ್ಲ ತೆರೆದಿವೆ. 2019ರ ಏಪ್ರಿಲ್‌ನಲ್ಲಿ ಬಂದ ಕಪ್ಪುರಂಧ್ರದ ಮೊದಲ ಚಿತ್ರದ ಹಿಂದೆ ಹಲವು ಖಂಡಗಳಲ್ಲಿ ಹರಡಿದ ದೂರದರ್ಶಕಗಳು, ಬೇರೆ ಬೇರೆ ಊರಲ್ಲಿ ಕೂತು ಅದೇ ದತ್ತಾಂಶವನ್ನು ಸ್ವತಂತ್ರವಾಗಿ ಬಿಡಿಸಿದ ತಂಡಗಳು ಇದ್ದವು. ಅದರಲ್ಲಿ ವಿದ್ಯಾರ್ಥಿಗಳ ಪಾಲು ಸಣ್ಣದಲ್ಲ.

ಭಾಷೆಗಾರ್ತಿ

ಕಲಾ ವಿಭಾಗದವರಿಗೂ ಹಾಗೇ. ಬ್ರಿಟಿಷ್ ಗ್ರಂಥಾಲಯದ ಅಳಿವಿನಂಚಿನ ಪತ್ರಾಗಾರ ಯೋಜನೆ 2004ರಿಂದ ಜಗತ್ತಿನ ನಾನಾ ಮೂಲೆಯ ಕಡತಗಳನ್ನು ಅವು ಇದ್ದಲ್ಲೇ ಡಿಜಿಟಲ್ ಮಾಡಿಸುತ್ತಿದೆ. ಮೂಲ ಪ್ರತಿ ಅಲ್ಲೇ ಉಳಿಯುತ್ತದೆ, ಅದು ನನಗೆ ತುಂಬ ಹಿಡಿಸಿದ ನಿಯಮ. ಎರಡು ದೇಶದ ತರಗತಿಗಳು ಒಂದೇ ಪ್ರಾಜೆಕ್ಟನ್ನು ಆನ್‌ಲೈನ್‌ನಲ್ಲಿ ಜೊತೆಯಾಗಿ ಮಾಡುವ ಕಾಯಿಲ್ ಎಂಬ ಪದ್ಧತಿಯೂ ಇದೆ. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ ಇದಕ್ಕಾಗಿ 2006ರಲ್ಲೇ ಕೇಂದ್ರ ತೆರೆಯಿತು. ಒಂದು ಸೆಮಿಸ್ಟರ್ ಇನ್ನೊಂದು ದೇಶದ ಸಹಪಾಠಿಯ ಜೊತೆ ಗಡುವು, ಭಿನ್ನಾಭಿಪ್ರಾಯ, ಕರಡು ಎಲ್ಲ ಹಂಚಿಕೊಂಡವರು ಮುಂದೆ ಹೋದಾಗ ತುಂಬ ಬೇಗ ಹೊಂದಿಕೊಳ್ಳುತ್ತಾರೆ.

ಕಡತವಾಹಿ

ಮಧ್ಯೆ ಒಂದು ತುರ್ತು ಮಾತು. ‘ನಿಮ್ಮ ಪ್ರತಿಭೆ ಗಮನಿಸಿ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಆಹ್ವಾನಿಸುತ್ತಿದ್ದೇವೆ, ನೋಂದಣಿ ಶುಲ್ಕ ಇಂದೇ ಕಟ್ಟಿ’ ಎಂಬ ಇಮೇಲ್ ಬಂದರೆ ಕಟ್ಟಬೇಡಿ. ಮೊದಲು ನಿಮ್ಮ ಮೇಷ್ಟ್ರಿಗೆ ತೋರಿಸಿ. ಆಯ್ಕೆಯಾಗಿದ್ದೀರಿ ಎಂದು ಹೇಳುವುದಕ್ಕೇ ಹಣ ಕೇಳುವ ‘ಸಂಶೋಧನಾ ಇಂಟರ್ನ್‌ಶಿಪ್’ಗಳಿಂದಲೂ ದೂರವಿರಿ.

ಯುರೋಪಿಗೆ ಹೋಗುವವರಿಗೆ ದಿನಾಂಕದ ಲೆಕ್ಕ: ಷೆಂಗೆನ್ ಅಲ್ಪಾವಧಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ಆರು ತಿಂಗಳ ಇಂಟರ್ನ್‌ಶಿಪ್ ಆದರೆ ಆ ದೇಶದ ದೀರ್ಘಾವಧಿ ವೀಸಾನೇ ಬೇಕು.

ಎರಡನೇ_ವರ್ಷ

ಎಲ್ಲರಿಗೂ ನಮಸ್ಕಾರ, ಮತ್ತೆ ಬಂದೆ. ನಕ್ಷತ್ರಿಕ ಸರ್ ಹೇಳಿದ ಹಾಗೆ ನಮ್ಮ ಸಸ್ಯಶಾಸ್ತ್ರದ ಒಂದು ಲ್ಯಾಬ್ ಸಭೆಗೆ ಹೋಗಿ ಕೂರ್ತಾ ಇದ್ದೀನಿ. ಅಲ್ಲಿ ಹರ್ಬೇರಿಯಂ ಹಾಳೆಗಳ ಬಗ್ಗೆ ಮಾತು ಬಂತು. ಒಣಗಿಸಿದ ಗಿಡ, ಪಕ್ಕದಲ್ಲಿ ಚೀಟಿ, ಚೀಟಿಯಲ್ಲಿ ಜಾಗ ಮತ್ತು ದಿನಾಂಕ. ಹೂ ಬಿಟ್ಟಿದ್ದಾಗ ಕಿತ್ತ ಗಿಡ ಅಂದ್ರೆ ಆ ದಿನ ಆ ಜಾಗದಲ್ಲಿ ಆ ಜಾತಿ ಹೂ ಬಿಟ್ಟಿತ್ತು ಅಂತ ಸಾಕ್ಷಿ! ನೂರು ವರ್ಷದ ಹಾಳೆಗಳನ್ನು ಜೋಡಿಸಿದ್ರೆ ಹೂ ಬಿಡೋ ಕಾಲ ಹಿಂದೆ ಮುಂದೆ ಆಗಿದ್ಯಾ ಅಂತ ನೋಡಬಹುದಲ್ವಾ? ರಾತ್ರಿಯೆಲ್ಲ ಇದೇ ಯೋಚನೆ. ಪ್ಯಾರಿಸ್‌ನ ರಾಷ್ಟ್ರೀಯ ನೈಸರ್ಗಿಕ ಇತಿಹಾಸ ಸಂಗ್ರಹಾಲಯದ ಹರ್ಬೇರಿಯಂ ಚಿತ್ರಗಳು ಆನ್‌ಲೈನ್‌ನಲ್ಲೇ ಇವೆ. ಆದ್ರೆ ಚೀಟಿಗಳು ಹಳೇ ಫ್ರೆಂಚ್ ಕೈಬರಹದಲ್ಲಿ, ಒಂದು ಪದಾನೂ ಓದೋಕೆ ಆಗ್ತಿಲ್ಲ. ಅಲ್ಲಿಗೆ ಬರೆಯೋಣ ಅಂತ ಈ ಕರಡು ಮಾಡಿದ್ದೀನಿ, ತಿದ್ದಿಕೊಡಿ:

‘ಗೌರವಾನ್ವಿತರೇ, ನಾನು ಪರಿಶ್ರಮಿ ಹಾಗೂ ಉತ್ಸಾಹಿ ವಿದ್ಯಾರ್ಥಿ. ತಮ್ಮ ಜಗತ್ಪ್ರಸಿದ್ಧ ಸಂಸ್ಥೆಯಲ್ಲಿ ಕೆಲಸ ಮಾಡುವುದು ನನ್ನ ಬಹುದಿನಗಳ ಕನಸು. ದಯವಿಟ್ಟು ಬೇಸಿಗೆಯಲ್ಲಿ ಯಾವುದಾದರೂ ಅವಕಾಶ ಕಲ್ಪಿಸಿಕೊಡಬೇಕೆಂದು ಕೋರುತ್ತೇನೆ. ನನ್ನ ಬಯೋಡೇಟಾ ಲಗತ್ತಿಸಿದ್ದೇನೆ.’

ಶಾಯಿಬಾಟಲಿ

ಇದಲ್ಲವೇ ಪ್ರಶ್ನೆ ಎಂದರೆ! ನಿಮ್ಮ ಸಂತೋಷ ನನಗೂ ಅಂಟಿಕೊಂಡಿತು. ಕ್ಯೋಟೋದ ಚೆರ್ರಿ ಹೂಗಳ ದಾಖಲೆ ಗೊತ್ತಿದೆಯೇ? ಯಾಸುಯುಕಿ ಅವೊನೊ ಎಂಬ ಹವಾಮಾನ ಸಂಶೋಧಕರು ಆಸ್ಥಾನಿಕರ ದಿನಚರಿಗಳನ್ನೂ ಹಳೆಯ ವೃತ್ತಾಂತಗಳನ್ನೂ ಶೋಧಿಸಿ, 812ನೇ ಇಸವಿಯಿಂದ ಹಿಡಿದು ಹೂ ತುಂಬಿದ ದಿನಗಳನ್ನು ಒಟ್ಟುಮಾಡಿದರು. ಯಾರೋ ಹೂ ನೋಡುವ ಹಬ್ಬಕ್ಕೆ ಹೋದ ದಿನ ಬರೆದಿಟ್ಟದ್ದು ಇಂದು ಹವಾಮಾನದ ಪುರಾವೆ. 2021ರಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿತು, ಅಲ್ಲಿಯವರೆಗಿನ ಇಡೀ ದಾಖಲೆಯಲ್ಲಿ ಅಷ್ಟು ಬೇಗ ಎಂದೂ ಆಗಿರಲಿಲ್ಲ.

ಪತ್ರದ ಬಗ್ಗೆ. ‘ಪರಿಶ್ರಮಿ, ಉತ್ಸಾಹಿ, ಕನಸು’ ಎಲ್ಲ ತೆಗೆಯಿರಿ. ನಮಗೆ ಇಲ್ಲಿ ಬರೆದ ಆ ಮೂರು ಸಾಲನ್ನೇ ಅವರಿಗೂ ಬರೆಯಿರಿ, ಅದರಲ್ಲಿ ಜೀವ ಇದೆ. ಯಾವ ಜಾತಿಯ ಗಿಡ, ಯಾವ ಪ್ರದೇಶ, ಎಷ್ಟು ಹಾಳೆಗಳನ್ನು ನೋಡಿದ್ದೀರಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ. ಕೊನೆಗೆ ಒಂದೇ ಒಂದು ಕೋರಿಕೆ, ಅದೂ ಹತ್ತು ನಿಮಿಷದಲ್ಲಿ ಉತ್ತರಿಸಬಹುದಾದದ್ದು. ‘ಅವಕಾಶ ಕೊಡಿ’ ಅನ್ನುವುದಕ್ಕೆ ಉತ್ತರ ಬರೆಯುವುದು ಅವರಿಗೆ ಕಷ್ಟ. ‘ಈ ಸಂಗ್ರಹಕಾರರ ಕೈಬರಹ ಓದಲು ಏನಾದರೂ ಮಾರ್ಗದರ್ಶಿ ಇದೆಯೇ’ ಅನ್ನುವುದಕ್ಕೆ ಸುಲಭ.

ಭಾಷೆಗಾರ್ತಿ

ಫ್ರಾನ್ಸ್‌ನವರು ‘ಲೆಜರ್ಬೊನೋತ್’ ಅಂತ ಒಂದು ಯೋಜನೆ ನಡೆಸುತ್ತಾರೆ, ಸಾರ್ವಜನಿಕರೇ ಈ ಚೀಟಿಗಳನ್ನು ಓದಿ ಬೆರಳಚ್ಚು ಮಾಡಿಕೊಡುವುದು. ಅದರಲ್ಲಿ ಸೇರಿಕೊಳ್ಳಿ, ಕೈಬರಹ ಓದುವ ಅಭ್ಯಾಸ ತಾನಾಗಿ ಬರುತ್ತದೆ. ನಿಮ್ಮ ಕಾಲೇಜಿನಲ್ಲಿ ಫ್ರೆಂಚ್ ವಿಭಾಗ ಇದ್ದೇ ಇರುತ್ತದಲ್ಲ, ಒಂದು ಸೆಮಿಸ್ಟರ್ ಫ್ರೆಂಚ್ ಓದಿ. ಜೀವಶಾಸ್ತ್ರದ ವಿದ್ಯಾರ್ಥಿ ಹಳೆಯ ಚೀಟಿ ಓದಬೇಕೆಂದು ಬಂದರೆ ಆ ಮೇಷ್ಟ್ರಿಗೂ ಹಬ್ಬ.

ನಕ್ಷತ್ರಿಕ

ಒಂದು ಎಚ್ಚರಿಕೆ. ಸಂಗ್ರಹಕಾರರು ರಜೆ ಇದ್ದಾಗ, ದಾರಿ ಚೆನ್ನಾಗಿದ್ದಾಗ ಗಿಡ ಕಿತ್ತಿರ್ತಾರೆ. ಹಾಗಾಗಿ ದಿನಾಂಕಗಳಲ್ಲಿ ಹೂವಿನ ಕಾಲದ ಜೊತೆ ಜನರ ಅನುಕೂಲದ ಕಾಲವೂ ಸೇರಿರುತ್ತೆ. ಎರಡನ್ನೂ ಬೇರೆ ಮಾಡೋದು ಹೇಗೆ ಅಂತ ಸಂಖ್ಯಾಶಾಸ್ತ್ರದ ಮೇಷ್ಟ್ರನ್ನು ಈಗಲೇ ಕೇಳಿ. ಜೀವವೈವಿಧ್ಯದ ದಾಖಲೆಗಳನ್ನು ಒಟ್ಟುಮಾಡಿಡೋ ಜಿಬಿಐಎಫ್ ತಾಣದಲ್ಲಿ ಬೇರೆ ದೇಶದ ಹರ್ಬೇರಿಯಂಗಳ ದಾಖಲೆಯೂ ಉಚಿತವಾಗಿ ಸಿಗುತ್ತೆ, ಅಲ್ಲಿಂದ ಒಂದು ಜಾತಿಯನ್ನು ಆರಿಸಿ ಸಣ್ಣದಾಗಿ ಮಾಡಿ ನೋಡಿ.

ಎರಡನೇ_ವರ್ಷ

ಪತ್ರ ಹೊಸದಾಗಿ ಬರೆದು ಕಳಿಸಿದೆ, ಉತ್ತರ ಬಂತು! ಚಿಕ್ಕದು, ಆದ್ರೆ ಆ ಸಂಗ್ರಹಕಾರರ ಕೈಬರಹದ ಮಾದರಿ ಹಾಳೆ ಕಳಿಸಿದ್ದಾರೆ. ಈಗಿರೋ ಚಿತ್ರಗಳ ಮೇಲೆ ಮೊದಲು ಕೆಲಸ ಮಾಡಿ, ಹಾಳೆಯನ್ನು ಕಣ್ಣಾರೆ ನೋಡಲೇಬೇಕಾದ ಪ್ರಶ್ನೆ ಬಂದಾಗ ಮತ್ತೆ ಬರೆಯಿರಿ ಅಂದಿದ್ದಾರೆ. ಫ್ರೆಂಚ್ ಮೇಡಂ ಮತ್ತು ಸಸ್ಯಶಾಸ್ತ್ರದ ಮೇಷ್ಟ್ರು ಇಬ್ಬರೂ ಸೇರಿ ಇದನ್ನು ಸ್ವತಂತ್ರ ಅಧ್ಯಯನದ ಪಾಠವಾಗಿ ನಡೆಸೋಕೆ ಒಪ್ಪಿದ್ದಾರೆ. ಕಡತವಾಹಿ ಮೇಡಂ, ಇಬ್ಬರು ಮೇಷ್ಟ್ರು, ಎರಡು ವಿಭಾಗ. ಕ್ರೆಡಿಟ್ ಯಾವುದರ ಲೆಕ್ಕಕ್ಕೆ ಹೋಗುತ್ತೆ?

ಕಡತವಾಹಿ

ನಿಮ್ಮ ಮುಖ್ಯ ವಿಷಯ ಜೀವಶಾಸ್ತ್ರ ಆದ್ದರಿಂದ ಅಲ್ಲೇ ನೋಂದಾಯಿಸಿ, ಐಚ್ಛಿಕ ಪಾಠವಾಗಿ. ಫ್ರೆಂಚ್ ಮೇಡಂ ಹೆಸರು ಸಹ ಮಾರ್ಗದರ್ಶಕರು ಎಂದು ಅರ್ಜಿಯಲ್ಲೇ ಬರಲಿ, ಅವರ ಕೆಲಸವೂ ದಾಖಲೆಯಾಗಬೇಕು. ಪ್ಯಾರಿಸ್‌ಗೆ ಹೋಗುವ ಸಂದರ್ಭ ಬಂದರೆ ಪ್ರಯಾಣ ಅನುದಾನ ಕೇಳುವಾಗ ಎರಡೂ ವಿಭಾಗದಿಂದ ಕೇಳಬಹುದು. ಮುಖ್ಯಸ್ಥರಿಬ್ಬರ ಸಹಿ ಸೆಮಿಸ್ಟರ್ ಶುರುವಾಗುವ ಮೊದಲೇ ಆಗಲಿ. ಮುಂಗಡವನ್ನೂ ಅದೇ ಅರ್ಜಿಯಲ್ಲಿ ಬರೆದುಬಿಡಿ.